ಅರ್ಬುದೌಷಧಗಳ ಮೌಲ್ಯವೂ ‘ನೂತನ’ಶಬ್ದದ ಅರ್ಥವೂ

ಅರ್ಬುದಶಬ್ದಕ್ಕೆ ಸಂಸ್ಕೃತದಲ್ಲಿ ಎರಡರ್ಥಗಳು ಪ್ರಸಿದ್ಧವಾಗಿವೆ. ಮಾಂಸದಲ್ಲಿ ಬೇರೂರಿ ಬೆಳೆಯುವ ಒಂದು ಬಗೆಯ ಗಂಟೆಂಬುದೊಂದು. ಹತ್ತು ಕೋಟಿಯ ಸಂಖ್ಯೆಯೆಂಬುದಿನ್ನೊಂದು. ಮೊದಲನೆಯದನ್ನು ಸುಶ್ರುತನು ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳೊಡನೆ ನಿರೂಪಿಸಿದ್ದಾನೆ. ಎರಡನೆಯದನ್ನು ಆರ್ಯಭಟನು ಗಣಿತಪಾದದಲ್ಲಿ ಕೋಟಿಯ ಮುಂದಣ ಸ್ಥಾನವಾಗಿ ಎಣಿಸಿದ್ದಾನೆ. ಹಿಂದೆ ಈ ಎರಡರ್ಥಗಳಿಗೂ ಯಾವ ಸಂಬಂಧವೂ ಇದ್ದಂತೆ ತೋರುವುದಿಲ್ಲ, ಈಗ ಉಂಟಾಗಿದೆ. ಅರ್ಬುದರೋಗದ ಔಷಧಗಳಿಗಾಗಿ ಲೋಕದಲ್ಲಿ ೨೦೨೩ನೆಯ ಇಸವಿಯಲ್ಲಿ ವೆಚ್ಚವಾದ ಹಣ ಸುಮಾರು ೨೨,೩೦೦ ಕೋಟಿ ಡಾಲರೆಂದೂ, ೨೦೨೮ರ ವೇಳೆಗೆ ಅದು ೪೦,೯೦೦ ಕೋಟಿಯಾಗಬಹುದೆಂದೂ ಔಷಧವ್ಯಾಪಾರದ ಲೆಕ್ಕವನ್ನಿಡುವ ಐಕ್ಯೂವಿಯಾ ಸಂಸ್ಥೆಯವರು ೨೦೨೪ರಲ್ಲಿ ಪ್ರಕಟಿಸಿದರು. ಆರ್ಯಭಟನ ಮಾನದಿಂದ ಹೇಳುವುದಾದರೆ ೨,೨೩೦ ಅರ್ಬುದ. ಮುಂದೆ ೪,೦೯೦ ಅರ್ಬುದ.

ಈ ವೃದ್ಧಿಗೆ ರೋಗಿಗಳ ಸಂಖ್ಯೆಯೊಂದೇ ಕಾರಣವಲ್ಲ; ಹೊಸ ಔಷಧಗಳ ಬೆಲೆಯು ಏರುತ್ತ ಬಂದಿರುವುದೂ ಕಾರಣ. ಹಾಗಾದರೆ ಒಂದು ಗುಳಿಗೆಯ ಬೆಲೆ ಎಲ್ಲಿಂದ ಹುಟ್ಟುತ್ತದೆ? ದ್ರವ್ಯದಿಂದಲೋ, ಅದನ್ನು ಸಾಧಿಸಿದವರ ಶ್ರಮದಿಂದಲೋ, ಅಥವಾ ಶಾಸನದೊಳಗಣ ಒಂದು ಶಬ್ದದಿಂದಲೋ? ಇಮ್ಯಾಟಿನಿಬ್ ಎಂಬ ಔಷಧದ ಚರಿತ್ರೆಯನ್ನು ಮುಖ್ಯೋದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಲಾಗುವುದು. ಅದರ ವ್ಯಾಜ್ಯವು ನ್ಯಾಯಸ್ಥಾನದಲ್ಲಿ ನಡೆದುದಾದರೂ ಅದರ ತಿರುಳು ಶಬ್ದಾರ್ಥವಿಚಾರವೇ ಆಗಿದೆ. ಆದುದರಿಂದ ಭಾಷಾಸಾಹಿತ್ಯಗಳಲ್ಲಿ ಪರಿಶ್ರಮವುಳ್ಳ ವಾಚಕರಿಗೆ ಇದು ಹೊರಗಿನ ವಿಷಯವಲ್ಲ.

೧. ಪೂರ್ವಸ್ಥಿತಿ

ಸುಶ್ರುತನು ಅರ್ಬುದವನ್ನು ದುಂಡಗಿರುವ, ಕದಲದ, ಆಳವಾಗಿ ಬೇರೂರಿದ, ಮೆಲ್ಲಗೆ ಬೆಳೆಯುವ, ಪಕ್ವವಾಗದ ಶೋಫವೆಂದು ಲಕ್ಷಣೀಕರಿಸಿದ್ದಾನೆ. ಶಸ್ತ್ರ, ಕ್ಷಾರ, ಅಗ್ನಿಗಳೇ ಅದಕ್ಕೆ ಅವನು ಹೇಳುವ ಮುಖ್ಯೋಪಾಯಗಳು. ದೋಷಶೇಷವು ಉಳಿದರೆ ಗಂಟು ಬೇಗನೆ ಮರಳಿ ಹುಟ್ಟುವುದೆಂಬ ಎಚ್ಚರಿಕೆಯೂ ಅವನಲ್ಲಿದೆ. ಗ್ರೀಕರು ಇದನ್ನು ಏಡಿಯ ಹೆಸರಿನಿಂದ ಕಾರ್ಕಿನೋಸ್ ಎಂದು ಕರೆದರು. ಲ್ಯಾಟಿನ್ ಭಾಷೆಯ ಕ್ಯಾನ್ಸರ್ ಶಬ್ದವೂ ನಮ್ಮ ಏಡಿಗಂತಿಯೆಂಬ ಮಾತೂ ಆ ಪ್ರಾಣಿಯನ್ನೇ ಹೇಳುತ್ತವೆ. ಹೆಸರುಗಳು ಎಷ್ಟಿದ್ದರೂ, ರೋಗವನ್ನು ಒಳಗಿನಿಂದ ಹಿಡಿಯುವ ಔಷಧವು ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ದೊರೆತಿರಲಿಲ್ಲ. ಔಷಧವಿಲ್ಲದಿರಲಾಗಿ ಅದರ ವ್ಯಾಪಾರವೂ ಇರಲಿಲ್ಲ.

ಮೊದಲ ಔಷಧಗಳು ವಣಿಕ್ಸಂಕಲ್ಪದಿಂದ ಹುಟ್ಟಿದವುಗಳಲ್ಲ. ಯುದ್ಧದ ವಿಷವಾಯುವಿನ ಪರೀಕ್ಷೆಯಿಂದ ಹೊರಟ ನೈಟ್ರೊಜನ್ ಮಸ್ಟರ್ಡ್ ಎಂಬ ದ್ರವ್ಯವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಗುಡ್‌ಮನ್, ಗಿಲ್‌ಮನ್ ಎಂಬ ವಿದ್ವಾಂಸರ ಸಂಶೋಧನೆಯ ಫಲವಾಗಿ ೧೯೪೨ರಲ್ಲಿ ಒಬ್ಬ ರೋಗಿಗೆ ಕೊಡಲಾಯಿತು. ಯುದ್ಧದ ಗೋಪ್ಯತೆಯ ನಿಮಿತ್ತ ಆ ವೃತ್ತಾಂತವು ೧೯೪೬ರಲ್ಲಿ ಬೆಳಕಿಗೆ ಬಂದಿತು. ೧೯೪೮ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬವರು ಅಮಿನೊಪ್ಟೆರಿನ್ ಎಂಬ ದ್ರವ್ಯದಿಂದ ಮಕ್ಕಳ ರಕ್ತಾರ್ಬುದವು ಕೆಲವು ಕಾಲವಾದರೂ ಅಡಗುವುದೆಂದು ತೋರಿಸಿದರು. ಆ ದ್ರವ್ಯವು ಸಿದ್ಧವಾದುದು ಲೆಡರ್ಲಿ ಪ್ರಯೋಗಾಲಯದಲ್ಲಿ, ಭೀಮವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯವನ್ನೋದಿ ಅಮೆರಿಕಕ್ಕೆ ತೆರಳಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ. ಭಾರತೀಯನೊಬ್ಬನ ಬುದ್ಧಿಗೆ ಈ ಚರಿತ್ರೆಯ ಆರಂಭದಲ್ಲಿಯೇ ಸ್ಥಾನವುಂಟೆಂಬುದು ಸ್ಮರಣೀಯವಾಗಿದೆ.

೨. ಭಾರತದ ಶಾಸನ

ಹೊಸ ವಸ್ತುವನ್ನು ಕಂಡುಹಿಡಿದವನಿಗೆ ಕೆಲವು ವರ್ಷಗಳ ಏಕಸ್ವಾಮ್ಯವನ್ನು ಕೊಡುವ ಪೇಟೆಂಟಿನ ಪದ್ಧತಿಯು ನಮ್ಮಲ್ಲಿ ಬ್ರಿಟಿಷರ ಕಾಲದಿಂದ ಬಂದುದು. ೧೯೧೧ರ ಶಾಸನವು ಸ್ವಾತಂತ್ರ್ಯಾನಂತರವೂ ನಡೆಯುತ್ತಿತ್ತು. ಅದನ್ನು ಪರಿಶೀಲಿಸಿದ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು ೧೯೫೯ರಲ್ಲಿ ಒಪ್ಪಿಸಿದ ವರದಿಯ ಆಧಾರದಮೇಲೆ ೧೯೭೦ರ ಶಾಸನವು ಹುಟ್ಟಿತು. ಆಹಾರೌಷಧಗಳ ವಿಷಯದಲ್ಲಿ ಅದು ಮಾಡಿದ ವಿಭಾಗವು ಸೂಕ್ಷ್ಮವಾದುದು: ದ್ರವ್ಯದ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ, ಅದನ್ನು ಸಿದ್ಧಪಡಿಸುವ ವಿಧಾನದ ಮೇಲೆ ಮಾತ್ರ, ಅದೂ ಅಲ್ಪಕಾಲ, ಉಂಟು. ಒಂದೇ ದ್ರವ್ಯವನ್ನು ಬೇರೆ ವಿಧಾನದಿಂದ ಸಾಧಿಸುವುದು ತಪ್ಪಲ್ಲವಾಯಿತು. ಭಾರತೀಯ ಔಷಧೋದ್ಯಮವು ಬೆಳೆದುದು ಈ ಸಂದಿನಲ್ಲಿಯೇ.

೧೯೯೫ರಲ್ಲಿ ವಿಶ್ವವ್ಯಾಪಾರಸಂಸ್ಥೆಯ ಒಡಂಬಡಿಕೆ ಜಾರಿಗೆ ಬಂದಿತು. ಅದರಂತೆ ಭಾರತವು ೨೦೦೫ನೆಯ ಇಸವಿ ಜನವರಿ ೧ರಿಂದ ದ್ರವ್ಯದ ಮೇಲೆಯೂ ಪೇಟೆಂಟನ್ನು ಕೊಡತೊಡಗಿತು. ಆದರೆ ಅದೇ ವರ್ಷದ ತಿದ್ದುಪಡಿಯಲ್ಲಿ ಒಂದು ತಡೆಯನ್ನೂ ಇರಿಸಿತು. ೩ನೆಯ ಪ್ರಕರಣದ ‘ಡಿ’ ಖಂಡದ ತಾತ್ಪರ್ಯವಿದು: ಮೊದಲೇ ತಿಳಿದಿರುವ ದ್ರವ್ಯದ ಹೊಸ ರೂಪವೊಂದನ್ನು ಕಂಡುಹಿಡಿದ ಮಾತ್ರಕ್ಕೆ ಅದು ನೂತನ ಸೃಷ್ಟಿಯಾಗದು, ಆ ರೂಪದಿಂದ ದ್ರವ್ಯದ ಪ್ರಸಿದ್ಧವಾದ ಕಾರ್ಯಸಾಮರ್ಥ್ಯವು ಹೆಚ್ಚಬೇಕು.

೩. ಇಮ್ಯಾಟಿನಿಬ್ ವೃತ್ತಾಂತ

ರಕ್ತಾರ್ಬುದದ ದೀರ್ಘಕಾಲಿಕವಾದ ಒಂದು ಪ್ರಭೇದದಲ್ಲಿ ಬಹು ಚಿಕ್ಕದಾದೊಂದು ವರ್ಣತಂತುವು ಕಾಣಿಸುವುದೆಂದು ೧೯೬೦ರಲ್ಲಿ ಫಿಲಡೆಲ್ಫಿಯದ ನೋವೆಲ್, ಹಂಗರ್‌ಫರ್ಡ್ ಎಂಬವರು ಕಂಡರು. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಬದಲಾಯಿಸಿಕೊಳ್ಳುವುದೇ ಇದಕ್ಕೆ ಕಾರಣವೆಂದು ೧೯೭೩ರಲ್ಲಿ ಜ್ಯಾನೆಟ್ ರೌಲಿ ಎಂಬ ವಿದುಷಿ ನಿರ್ಣಯಿಸಿದರು. ಹೀಗೆ ಹುಟ್ಟುವ ವಿಕೃತ ಸಸಾರಜನಕವು ರಕ್ತಕಣಗಳಿಗೆ ಎಡೆಬಿಡದೆ ‘ಬೆಳೆ’ಯೆಂದು ಆಜ್ಞೆಮಾಡುತ್ತಿರುತ್ತದೆ. ಆ ಆಜ್ಞೆಯನ್ನು ತಡೆಯುವ ದ್ರವ್ಯವೇ ಇಮ್ಯಾಟಿನಿಬ್. ಸ್ವಿಟ್ಜರ್ಲೆಂಡಿನ ಸೀಬಾ–ಗೈಗಿ ಕಂಪನಿಯಲ್ಲಿ ಅದು ಸಿದ್ಧವಾಯಿತು. ಆ ಕಂಪನಿಯು ೧೯೯೬ರಲ್ಲಿ ಇನ್ನೊಂದರೊಡನೆ ಕೂಡಿ ನೊವಾರ್ಟಿಸ್ ಆಯಿತು. ವೈದ್ಯನಾದ ಬ್ರಯನ್ ಡ್ರೂಕರನು ೧೯೯೮ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ, ತಕ್ಕ ಪ್ರಮಾಣದಲ್ಲಿ ಔಷಧವನ್ನು ಪಡೆದ ೫೪ ಮಂದಿಯಲ್ಲಿ ೫೩ ಮಂದಿಯ ರಕ್ತವು ಸಹಜಸ್ಥಿತಿಗೆ ಮರಳಿತು. ೨೦೦೧ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರವು ಅದರ ಮಾರಾಟಕ್ಕೆ ಅನುಮತಿಯಿತ್ತಿತು.

ಅಮೆರಿಕದಲ್ಲಿ ಅದರ ಬೆಲೆ ೨೦೦೧ರಲ್ಲಿ ವರ್ಷಕ್ಕೆ ಸುಮಾರು ೩೦,೦೦೦ ಡಾಲರಿದ್ದುದು ೨೦೧೨ರಲ್ಲಿ ೯೨,೦೦೦ ಡಾಲರಿಗೆ ಏರಿತೆಂದು ಆ ರೋಗದಲ್ಲಿ ನಿಷ್ಣಾತರಾದ ನೂರಕ್ಕೂ ಮಿಕ್ಕ ವೈದ್ಯರು ೨೦೧೩ರಲ್ಲಿ ಒಟ್ಟಾಗಿ ಬರೆದು ಆಕ್ಷೇಪಿಸಿದರು. ಈ ಅವಧಿಯಲ್ಲಿ ದ್ರವ್ಯವು ಬದಲಾಗಲಿಲ್ಲ. ಅದನ್ನು ಸಾಧಿಸಿದ ಶ್ರಮವೂ ಹಿಂದೆಯೇ ಮುಗಿದಿತ್ತು. ಭಾರತದಲ್ಲಿ ಕಂಪನಿಯ ಗ್ಲಿವೆಕ್ ಗುಳಿಗೆಗೆ ತಿಂಗಳಿಗೆ ಸುಮಾರು ೧,೨೦,೦೦೦ ರೂಪಾಯಿ. ಇಲ್ಲಿಯ ತಯಾರಕರದಕ್ಕೆ ೮,೦೦೦ದಿಂದ ೧೦,೦೦೦ ರೂಪಾಯಿ. ಕಂಪನಿಯು ಬಡರೋಗಿಗಳಿಗೆ ಔಷಧವನ್ನು ದಾನವಾಗಿ ಹಂಚುವ ಏರ್ಪಾಡನ್ನೂ ನಡೆಸುತ್ತಿತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ದಾನವು ದಾತೃವಿನ ಇಚ್ಛೆಗೆ ಅಧೀನವಾದುದು. ಪೇಟೆಯ ಬೆಲೆ ಹಾಗಲ್ಲ.

ಮೂಲದ್ರವ್ಯದ ಪೇಟೆಂಟು ೧೯೯೩ರ ಕಾಲದ್ದಾದುದರಿಂದ ಭಾರತದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆದುದರಿಂದ ಕಂಪನಿಯು ಇಮ್ಯಾಟಿನಿಬ್ ಮೆಸಿಲೇಟ್ ಎಂಬ ಲವಣದ ‘ಬೀಟಾ’ ಸ್ಫಟಿಕರೂಪವು ಹೊಸದೆಂದು ವಾದಿಸಿ ೧೯೯೮ರಲ್ಲಿ ಮದರಾಸಿನ ಪೇಟೆಂಟು ಕಚೇರಿಗೆ ಅರ್ಜಿಯಿತ್ತಿತು. ೨೦೦೬ರಲ್ಲಿ ಅದು ತಿರಸ್ಕೃತವಾಯಿತು. ‘ಡಿ’ ಖಂಡವು ಸಂವಿಧಾನಕ್ಕೆ ವಿರುದ್ಧವೆಂಬ ವಾದವನ್ನು ಮದರಾಸು ಉಚ್ಚ ನ್ಯಾಯಾಲಯವು ೨೦೦೭ರಲ್ಲಿ ತಳ್ಳಿಹಾಕಿತು. ಕೊನೆಗೆ ೨೦೧೩ನೆಯ ಏಪ್ರಿಲ್ ೧ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ, ರಂಜನಾ ಪ್ರಕಾಶ ದೇಸಾಯಿ ಇವರು ತೀರ್ಪಿತ್ತರು.

೪. ಪೂರ್ವಪಕ್ಷ, ಸಿದ್ಧಾಂತ

ಪೂರ್ವಪಕ್ಷವು ದುರ್ಬಲವಾದುದೇನೂ ಅಲ್ಲ. ಸ್ಫಟಿಕರೂಪವು ಚೆನ್ನಾಗಿ ಹರಿಯುತ್ತದೆ. ಶಾಖಕ್ಕೆ ಹೆಚ್ಚು ಸ್ಥಿರವಾಗಿದೆ. ತೇವವನ್ನು ಕಡಮೆ ಹೀರುತ್ತದೆ. ಮೂಲದ್ರವ್ಯಕ್ಕಿಂತ ೩೦ ಪಾಲು ಶೇಕಡಾ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಇಷ್ಟು ಗುಣಗಳಿರುವಾಗ ಅದನ್ನು ಹಳೆಯದೆನ್ನುವುದು ಹೇಗೆ? ಇದಲ್ಲದೆ, ಒಂದು ಔಷಧವು ಗೆಲ್ಲುವಷ್ಟರಲ್ಲಿ ಅನೇಕ ದ್ರವ್ಯಗಳು ಪರೀಕ್ಷೆಯಲ್ಲಿ ಸೋಲುತ್ತವೆ. ಸೋತವುಗಳ ವೆಚ್ಚವನ್ನು ಗೆದ್ದುದೇ ಹೊರಬೇಕು. ಏಕಸ್ವಾಮ್ಯವಿಲ್ಲದಿದ್ದರೆ ಮುಂದಿನ ಔಷಧಕ್ಕೆ ಬಂಡವಾಳವನ್ನು ಹೂಡುವವರಾರು?

ಸಿದ್ಧಾಂತಪಕ್ಷದ ಯುಕ್ತಿ ಹೀಗಿದೆ. ಶಾಸನದಲ್ಲಿರುವುದು ಗುಣವೆಂಬ ಸಾಮಾನ್ಯಶಬ್ದವಲ್ಲ, ಕಾರ್ಯಸಾಮರ್ಥ್ಯವೆಂಬ ವಿಶೇಷಶಬ್ದ. ಒಂದು ವಸ್ತುವಿನ ಸಾಮರ್ಥ್ಯವನ್ನು ಅದರ ಪ್ರಯೋಜನದಿಂದಲೇ ಅಳೆಯತಕ್ಕದ್ದು. ಔಷಧದ ಪ್ರಯೋಜನವು ರೋಗಶಮನ. ಆದುದರಿಂದ ಇಲ್ಲಿ ಸಾಮರ್ಥ್ಯವೆಂದರೆ ಚಿಕಿತ್ಸಾಸಾಮರ್ಥ್ಯವೇ ಹೊರತು ಬೇರೆಯಲ್ಲ. ಹರಿಯುವಿಕೆ, ಸ್ಥಿರತೆ, ತೇವನಿರೋಧಗಳು ತಯಾರಕನಿಗೆ ಅನುಕೂಲಗಳು. ರೋಗಶಮನಕ್ಕೆ ಅಂಗಗಳೆಂದು ಅವು ಸಿದ್ಧವಾಗಿಲ್ಲ. ರಕ್ತಕ್ಕೆ ಹೆಚ್ಚಾಗಿ ಸೇರುವುದೂ ತಾನೇ ಶಮನವಲ್ಲ. ಅದರಿಂದ ಶಮನವು ಹೆಚ್ಚಾಯಿತೆಂದು ಪ್ರಮಾಣದಿಂದ ತೋರಿಸಬೇಕು, ತೋರಿಸಿಲ್ಲ.

ಶಾಸ್ತ್ರಪರಿಚಯವುಳ್ಳವರಿಗೆ ಈ ಸರಣಿಯು ಹೊಸದಾಗಿ ತೋರದು. ಸಂದಿಗ್ಧಶಬ್ದವನ್ನು ವಾಕ್ಯದ ಪ್ರಯೋಜನಕ್ಕನುಸಾರವಾಗಿ ನಿಶ್ಚಯಿಸುವುದು ಮೀಮಾಂಸಕರ ಮಾರ್ಗ. ಚರಕನೂ ವಿಮಾನಸ್ಥಾನದಲ್ಲಿ ಸಂಸ್ಕಾರವನ್ನು ನಿರೂಪಿಸುವಾಗ, ದ್ರವ್ಯದಲ್ಲಿ ಗುಣಾಂತರವನ್ನುಂಟುಮಾಡುವುದೇ ಅದರ ಲಕ್ಷಣವೆಂದು ಭಾವಿಸಿದ್ದಾನೆ. ರೂಪಾಂತರಮಾತ್ರವು ಅವನಿಗೆ ಸಾಲದು. ನ್ಯಾಯಾಧೀಶರು ಇವನ್ನು ನೋಡಿ ತೀರ್ಪಿತ್ತರೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯು ಒಂದೇ ಆಗಿರುವಲ್ಲಿ ವಿಚಾರದ ದಾರಿಯೂ ಹತ್ತಿರವಾಗಿರುವುದೆಂಬುದೇ ನನ್ನ ವಿವಕ್ಷೆ.

ಪೂರ್ವಪಕ್ಷದ ಎರಡನೆಯ ಆಕ್ಷೇಪಕ್ಕೆ ತೀರ್ಪು ಉತ್ತರವಾಗಲಾರದು. ಹೂಡಿದ ಬಂಡವಾಳವು ಮರಳಬೇಕೆಂಬುದು ನಿಜ. ಎಷ್ಟು ಮರಳಬೇಕು, ಯಾರಿಂದ ಮರಳಬೇಕು ಎಂಬುದನ್ನು ಶಬ್ದವಿಚಾರವು ನಿರ್ಣಯಿಸದು.

೫. ಬೆಲೆಯ ಇನ್ನೊಂದು ವಿಚಾರ

ಅದನ್ನು ನೇರವಾಗಿ ಮುಟ್ಟಿದುದು ಇದಕ್ಕೆ ಒಂದು ವರ್ಷ ಮೊದಲಿನ ಆಜ್ಞೆ. ಯಕೃತ್ತಿನ ಮತ್ತು ಮೂತ್ರಪಿಂಡದ ಅರ್ಬುದಗಳಿಗೆ ಕೊಡುವ ಸೋರಾಫೆನಿಬ್ ಎಂಬ ಔಷಧದ ಪೇಟೆಂಟು ಬೇಯರ್ ಕಂಪನಿಗೆ ಸೇರಿದ್ದಿತು. ತಿಂಗಳ ಬೆಲೆ ೨,೮೦,೪೨೮ ರೂಪಾಯಿ. ೨೦೧೨ರ ಮಾರ್ಚಿಯಲ್ಲಿ ಪೇಟೆಂಟು ನಿಯಂತ್ರಣಾಧಿಕಾರಿಗಳು ಶಾಸನದ ೮೪ನೆಯ ಪ್ರಕರಣದಂತೆ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಬಲಾತ್ಕೃತಾನುಜ್ಞೆಯನ್ನು ಕೊಟ್ಟರು. ಜನರ ಅವಶ್ಯಕತೆಯು ಪೂರೈಕೆಯಾಗಿಲ್ಲ, ಬೆಲೆಯು ಜನರಿಗೆ ಎಟುಕುವಂತಿಲ್ಲ, ವಸ್ತುವು ಈ ದೇಶದಲ್ಲಿ ತಯಾರಾಗುತ್ತಿಲ್ಲ ಎಂಬ ಮೂರು ಕಾರಣಗಳನ್ನು ಅವರು ಎತ್ತಿಹೇಳಿದರು. ೧೨೦ ಗುಳಿಗೆಗೆ ೮,೮೮೦ ರೂಪಾಯಿ ಮೀರಬಾರದೆಂದೂ, ಮಾರಾಟದಲ್ಲಿ ಶೇಕಡಾ ೬ ಪಾಲು ಪೇಟೆಂಟಿನ ಒಡೆಯರಿಗೆ ಸಲ್ಲಬೇಕೆಂದೂ ಕಟ್ಟಳೆಯಾಯಿತು. ಮರುವರ್ಷ ಆ ಪಾಲು ಶೇಕಡಾ ೭ ಆಯಿತು. ಬೆಲೆಯು ಮೂವತ್ತೊಂದರಲ್ಲಿ ಒಂದಕ್ಕಿಂತಲೂ ಕಡಮೆಗೆ ಇಳಿಯಿತು. ಅನಂತರ ಡಾಸಾಟಿನಿಬ್ ಎಂಬ ಔಷಧಕ್ಕಾಗಿ ಇನ್ನೊಂದು ಕಂಪನಿಯು ಇಂಥದೇ ಅನುಜ್ಞೆಯನ್ನು ಬೇಡಿದಾಗ ೨೦೧೩ರಲ್ಲಿ ಅದು ತಿರಸ್ಕೃತವಾಯಿತು. ಆದುದರಿಂದ ಈ ಆಯುಧವನ್ನು ಸರ್ಕಾರವು ಮನಬಂದಂತೆ ಬೀಸಿತೆಂಬ ಆರೋಪವು ನಿಲ್ಲದು. ೨೦೧೯ರಲ್ಲಿ ೪೨ ಅರ್ಬುದೌಷಧಗಳ ವ್ಯಾಪಾರಲಾಭವನ್ನು ಶೇಕಡಾ ೩೦ಕ್ಕೆ ಮಿತಗೊಳಿಸಿದುದೂ, ೨೦೨೪ರಲ್ಲಿ ಮೂರು ಔಷಧಗಳ ಆಮದುಸುಂಕವನ್ನು ತೆಗೆದುದೂ ಇದಕ್ಕಿಂತ ಮೃದುವಾದ ಉಪಾಯಗಳು.

೬. ಮುಂದಣ ದಾರಿ

ಈಗ ಬರುತ್ತಿರುವ ಔಷಧಗಳ ಸ್ವಭಾವವೇ ಬೇರೆ. ಇಮ್ಯಾಟಿನಿಬ್ ಸಣ್ಣ ಅಣು. ರಸಾಯನಜ್ಞನು ಅದನ್ನು ಅಚ್ಚಳಿಯದೆ ಮರಳಿ ಸಾಧಿಸಬಲ್ಲನು. ಜೀವಕೋಶಗಳಿಂದ ಪಡೆಯುವ ಪ್ರತಿಕಾಯಗಳೆಂಬ ದೊಡ್ಡ ಸಸಾರಜನಕಗಳು ಹಾಗಲ್ಲ. ೨೦೨೩ರಲ್ಲಿ ೨,೫೦೦ ಕೋಟಿ ಡಾಲರಿನಷ್ಟು ಮಾರಾಟವಾದ ಕೀಟ್ರೂಡ ಈ ಜಾತಿಯದು. ಅಮೆರಿಕದಲ್ಲಿ ಅದರ ಮುಖ್ಯ ಪೇಟೆಂಟು ೨೦೨೮ರಲ್ಲಿ ತೀರುವುದರಿಂದ ವ್ಯಾಪಾರಿಗಳ ದೃಷ್ಟಿಯೆಲ್ಲ ಆ ವರ್ಷದ ಮೇಲೆ ನೆಟ್ಟಿದೆ. ಇಂಥ ಔಷಧದ ಪ್ರತಿಯನ್ನು ‘ಅದೇ’ ಎನ್ನಲಾಗದು, ‘ಅದರಂತಹುದು’ ಎನ್ನಬೇಕು; ತಾದಾತ್ಮ್ಯವಲ್ಲ, ಸಾದೃಶ್ಯ. ಸ್ತನಾರ್ಬುದಕ್ಕೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯದ ಸದೃಶೌಷಧವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆಯವರು ೨೦೧೪ರಲ್ಲಿ ಭಾರತದ ಪೇಟೆಗೆ ತಂದರು. ೨೦೧೭ರಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆಯಿತ್ತಿತು.

ಇನ್ನೂ ಮುಂದಿನದು ಕೋಶಚಿಕಿತ್ಸೆ. ರೋಗಿಯ ರಕ್ತದಿಂದಲೇ ರಕ್ಷಕಕೋಶಗಳನ್ನು ತೆಗೆದು, ಅರ್ಬುದವನ್ನು ಗುರುತಿಸುವಂತೆ ಅವನ್ನು ಸಂಸ್ಕರಿಸಿ, ಮರಳಿ ಅವನಿಗೇ ಕೊಡುವುದು ಇದರ ಕ್ರಮ. ೨೦೧೭ರಲ್ಲಿ ಅಮೆರಿಕದಲ್ಲಿ ಅನುಮತಿಪಡೆದ ಮೊದಲನೆಯದಕ್ಕೆ ೪,೭೫,೦೦೦ ಡಾಲರು ಬೆಲೆಯಾಯಿತು. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಯೋಗದಿಂದ ಸಿದ್ಧವಾಗಿ ೨೦೨೩ರಲ್ಲಿ ಅನುಮತಿಪಡೆದ ನೆಕ್ಸ್‌ಕಾರ್-೧೯ ಅದರ ಸಣ್ಣ ಪಾಲಿಗೆ ದೊರೆಯುತ್ತದೆ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯವರು ೨೦೨೫ರ ಜನವರಿಯಲ್ಲಿ ಇನ್ನೊಂದನ್ನು ಹೊರತಂದರು.

ಇಲ್ಲಿ ನಮ್ಮ ಪ್ರಶ್ನೆಯು ತಿರುಗಿನಿಲ್ಲುತ್ತದೆ. ೧೯೭೦ರ ಶಾಸನವು ದ್ರವ್ಯವನ್ನೂ ವಿಧಾನವನ್ನೂ ಬೇರೆಮಾಡಿ ಬಡವನಿಗೆ ದಾರಿ ಬಿಟ್ಟಿತು. ೨೦೦೫ರ ತಿದ್ದುಪಡಿಯು ದ್ರವ್ಯವನ್ನೂ ರೂಪವನ್ನೂ ಬೇರೆಮಾಡಿ ಆ ದಾರಿಯನ್ನು ಕಾಯ್ದಿತು. ಕೋಶಚಿಕಿತ್ಸೆಯಲ್ಲಿ ದ್ರವ್ಯವು ರೋಗಿಯದೇ, ಮಾರಾಟವಾಗುವುದು ಸಂಸ್ಕಾರ. ದ್ರವ್ಯ, ವಿಧಾನಗಳೆಂಬ ಭೇದವೇ ಅಳಿದಲ್ಲಿ ಹಳೆಯ ಎರಡು ವಿಭಾಗಗಳೂ ಕೈಗೆ ಬಾರವು. ಅಲ್ಲಿ ಬೆಲೆಯನ್ನು ಇಳಿಸಬಲ್ಲುದು ಶಬ್ದದ ವ್ಯಾಖ್ಯಾನವಲ್ಲ, ಆ ಸಂಸ್ಕಾರವನ್ನು ನಮ್ಮಲ್ಲಿಯೇ ಮಾಡಬಲ್ಲ ವಿದ್ಯೆ. ಮುಂಬಯಿ, ಬೆಂಗಳೂರುಗಳ ಪ್ರಯತ್ನಗಳು ತೋರಿಸುವುದಿದನ್ನೇ.

ಹೀಗೆ ಆರಂಭದಲ್ಲಿ ಕೇಳಿದ ಮೂರು ವಿಕಲ್ಪಗಳಿಗೆ ಉತ್ತರವು ಕಾಲಕ್ಕೆ ತಕ್ಕಂತೆ ಬೇರೆಯಾಗಿದೆ. ದ್ರವ್ಯದಿಂದ ಬೆಲೆಯು ಹುಟ್ಟಿದುದು ಎಲ್ಲಿಯೂ ಕಾಣದು. ಇಮ್ಯಾಟಿನಿಬ್ಬಿನ ಬೆಲೆಯು ಬಹುಮಟ್ಟಿಗೆ ಶಾಸನದ ಶಬ್ದದಿಂದ ಹುಟ್ಟಿತು, ಶಬ್ದದ ಅರ್ಥನಿರ್ಣಯದಿಂದಲೇ ಇಳಿಯಿತು. ಮುಂದಿನ ಔಷಧಗಳ ಬೆಲೆಯು ಸಂಸ್ಕಾರವಿದ್ಯೆಯಿಂದ ಹುಟ್ಟಲಿದೆ. ಅದು ಎಷ್ಟು ಕೈಗಳಿಗೆ ಹರಡುವುದೋ ಅಷ್ಟರಮಟ್ಟಿಗೆ ಇಳಿಯಲಿದೆ.