ಪೇಪರ್ ಸುತ್ತಿದ ಪುಸ್ತಕಗಳು

2014ರ ಮಾತು. ಕಲ್ಯಾಣ ನಗರದಲ್ಲಿ, ರಿಂಗ್ ರೋಡಿಗೆ ಅಂಟಿಕೊಂಡ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಕನ್ನಡ ಓದುವ ಹುಚ್ಚಿದ್ದವರು ಏಳೆಂಟು ಜನ ಇದ್ದೆವು. ತೇಜಸ್ವಿ ಇರಲಿ, ಭೈರಪ್ಪ ಇರಲಿ, ಒಬ್ಬರು ಕೊಂಡರೆ ಸಾಕು, ಪುಸ್ತಕ ಟೇಬಲ್ಲಿಂದ ಟೇಬಲ್ಲಿಗೆ ಸುತ್ತುತ್ತಿತ್ತು. ಅದೇ ಧೈರ್ಯದ ಮೇಲೆ ನಾನು ವಸುಧೇಂದ್ರರ 'ಮೋಹನಸ್ವಾಮಿ'ಯನ್ನೂ ಸುತ್ತಲು ಬಿಟ್ಟೆ.

ಮೊದಲು ಒಯ್ದವರು ಮಾರನೇ ದಿನವೇ ವಾಪಸ್ ತಂದರು. "ಓದೋಕೆ ಟೈಮೇ ಆಗ್ಲಿಲ್ಲ ಮಾರಾಯ್ರೇ" ಅಂದರು. ಎರಡನೆಯವರು ನಾಲ್ಕು ಪುಟ ತಿರುವಿ ನನ್ನ ಟೇಬಲ್ ಮೇಲೆ ಬೋರಲು ಹಾಕಿ ಹೋದರು. ಯಾರೂ ಬೈಯಲಿಲ್ಲ, ವಾದ ಮಾಡಲಿಲ್ಲ. ಮೂರನೇ ವಾರಕ್ಕೆ ನಾಲ್ಕು ಗಂಟೆಯ ಟೀಗೆ ನನ್ನನ್ನು ಕರೆಯೋದು ನಿಂತಿತು. ಊಟಕ್ಕೆ ಕೂತರೆ ಪಕ್ಕದ ಕುರ್ಚಿ ಖಾಲಿ. ಪುಸ್ತಕಗಳು ಮಾತ್ರ ಸುತ್ತುತ್ತಲೇ ಇದ್ದವು, ನನ್ನ ಟೇಬಲ್ ಒಂದನ್ನು ಬಿಟ್ಟು.

ನಾನು ಸಲಿಂಗಿ ಅಂತ ಅವರು ತೀರ್ಮಾನಿಸಿಬಿಟ್ಟಿದ್ದರು. ತೀರ್ಮಾನ ಸರಿಯಾಗೇ ಇತ್ತು ಅನ್ನಿ! ಆದರೆ ನಾನಿನ್ನೂ ಯಾರಿಗೂ ಬಾಯಿಬಿಟ್ಟಿರಲಿಲ್ಲ. ನನ್ನ ಬದಲು ಪುಸ್ತಕವೇ ಹೇಳಲಿ ಅಂದುಕೊಂಡಿದ್ದೆ.

ಆ ಬೇಜಾರಿನಲ್ಲೇ, ಇಂಥ ಪುಸ್ತಕಗಳಿಗೆ ಹಿಂದೆ ಏನಾಗಿತ್ತು ಅಂತ ಹುಡುಕುತ್ತಾ ಹೋದೆ. ಮೊದಲು ಸಿಕ್ಕವರು ಯಾರು ಗೊತ್ತಾ? ಶಕುಂತಲಾ ದೇವಿ! 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಗಣಿತದ ಶಕುಂತಲಾ ದೇವಿಯೇ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ನಮಗೆಲ್ಲ ಸ್ಕೂಲಿನಿಂದಲೇ ಗೊತ್ತು. ಅದಕ್ಕೂ ಮೂರು ವರ್ಷ ಮೊದಲು, 1977ರಲ್ಲಿ, ಅವರು 'ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್' ಅನ್ನೋ ಪುಸ್ತಕ ಬರೆದಿದ್ದರು. ಅದನ್ನು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಸಲಿಂಗಿಗಳನ್ನೇ ಕೂರಿಸಿಕೊಂಡು ಮಾತಾಡಿಸಿ ಬರೆದ ಪುಸ್ತಕ ಅದು. ಅವರ ವಾದ ಇಷ್ಟೇ: ಕನಿಕರ ಬೇಡ, ಸಹಿಸಿಕೊಳ್ಳೋದೂ ಬೇಡ, ಪೂರ್ತಿ ಒಪ್ಪಿಕೊಳ್ಳಿ. ಇದನ್ನು ಓದಿದಾಗ ನನಗೆ ಆ ಖಾಲಿ ಕುರ್ಚಿ ನೆನಪಾಯಿತು. ನಮ್ಮ ಆಫೀಸಿನವರು ನನ್ನನ್ನು ಸಹಿಸಿಕೊಂಡಿದ್ದರು, ಅಷ್ಟೆ.

1990ರಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ ಮುಂಬೈನಲ್ಲಿ 'ಬಾಂಬೆ ದೋಸ್ತ್' ಪತ್ರಿಕೆ ಶುರು ಮಾಡಿದರು. ಆಗ ಅದನ್ನು ಕಂದು ಬಣ್ಣದ ಕಾಗದದಲ್ಲಿ ಸುತ್ತಿ, ಗುಟ್ಟಾಗಿ ಮಾರುತ್ತಿದ್ದರಂತೆ. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ 'ಗುಡ್ ಆಸ್ ಯೂ' ಗುಂಪು ಹುಟ್ಟಿತು, ಗುರುವಾರ ಗುರುವಾರ ಸೇರುತ್ತಿದ್ದರು. 1999ರಲ್ಲಿ 'ಸಂಗಮ' ಬಂತು. ಮುಂದೆ ಹಿಜಡಾ ಸಮುದಾಯದವರ ಪರವಾಗಿ ಬೀದಿಗಿಳಿದು ಹೋರಾಡಿದ ಈ ಸಂಸ್ಥೆ ಮೊದಲು ಶುರುವಾಗಿದ್ದು ಪುಸ್ತಕ, ಲೇಖನಗಳನ್ನು ಕೂಡಿಡುವ ಒಂದು ದಾಖಲೆ ಕೇಂದ್ರವಾಗಿ! ಅಂದರೆ, ಓದೋಕೆ ಏನಾದರೂ ಸಿಗಬೇಕು ಅನ್ನೋ ಹಸಿವು ನನ್ನೊಬ್ಬನದೇ ಆಗಿರಲಿಲ್ಲ.

ಆಮೇಲೆ 2013. ಆ ವರ್ಷ ಏಪ್ರಿಲ್‌ನಲ್ಲಿ ಶಕುಂತಲಾ ದೇವಿ ಬೆಂಗಳೂರಿನಲ್ಲೇ ತೀರಿಕೊಂಡರು. ಅದೇ ವರ್ಷ 'ಮೋಹನಸ್ವಾಮಿ' ಬಂತು. ವಸುಧೇಂದ್ರ ಸಂಡೂರಿನವರು, ಬಹಳ ವರ್ಷ ನಮ್ಮ ಹಾಗೇ ಸಾಫ್ಟ್‌ವೇರ್ ಕೆಲಸ ಮಾಡಿದವರು. ಮೋಹನಸ್ವಾಮಿಯ ಮೊದಲ ಕಥೆಯನ್ನು ಅವರೂ ಬೇರೆ ಹೆಸರಿನಲ್ಲೇ ಪ್ರಕಟಿಸಿದ್ದರಂತೆ. ಪುಸ್ತಕಕ್ಕೆ ಕಾಗದ ಸುತ್ತುವ ಹಾಗೆ ಬರೆದವರ ಹೆಸರಿಗೂ ಸುತ್ತಬೇಕಿತ್ತು ನೋಡಿ. ಸಂಕಲನ ಮಾತ್ರ ಸ್ವಂತ ಹೆಸರಿನಲ್ಲೇ ಬಂತು. ಆದರೆ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿತು. 1860ರ 377ನೇ ಕಲಮು ಮತ್ತೆ ಜೀವಂತ, ಜೀವಾವಧಿ ಶಿಕ್ಷೆಯವರೆಗೂ ಕೊಡಬಹುದಾದ ಕಲಮು. ನಾನು ಪುಸ್ತಕ ಸುತ್ತಲು ಬಿಟ್ಟಿದ್ದು ಇದಾದ ಮೇಲೆ. ಟೀಗೆ ಕರೆಯೋದು ನಿಲ್ಲಿಸಿದವರಿಗೆ ಕಾನೂನೂ ಜೊತೆಗಿತ್ತು.

ಮುಂದಿನ ವರ್ಷ ಆ ಕೆಲಸ ಬಿಟ್ಟೆ. ಕೊನೆಯ ದಿನ ಡ್ರಾಯರ್ ಖಾಲಿ ಮಾಡುತ್ತಿದ್ದಾಗ, "ಟೈಮೇ ಆಗ್ಲಿಲ್ಲ" ಅಂದಿದ್ದರಲ್ಲ, ಅವರು ಬಂದು ಪಕ್ಕದಲ್ಲಿ ನಿಂತರು. ಆಚೀಚೆ ನೋಡಿ, "ಆ ಪುಸ್ತಕ ಇದ್ಯಾ? ಒಂದ್ಸಲ ಕೊಡ್ತೀರಾ?" ಅಂದರು. ಕೊಟ್ಟೆ. ಹಳೇ ನ್ಯೂಸ್ ಪೇಪರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟುಕೊಂಡರು. ಯಾರಿಗಾಗಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪುಸ್ತಕ ಇವತ್ತಿಗೂ ವಾಪಸ್ ಬಂದಿಲ್ಲ, ಬರದಿದ್ದರೆ ಬೇಜಾರೂ ಇಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ತನ್ನ ತಪ್ಪು ತಿದ್ದಿಕೊಂಡಿತು. ಒಪ್ಪಿ ಕೂಡಿ ಬಾಳುವ ವಯಸ್ಕರು ಈಗ ಅಪರಾಧಿಗಳಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿ ಬಂದು ಕೂರಿ ಅಂತ ಯಾವ ಕೋರ್ಟೂ ಆರ್ಡರ್ ಕೊಡೋಕಾಗಲ್ಲ ಅಲ್ವಾ?

ಗೆಳೆಯರೇ, ನಿಮ್ಮ ಆಫೀಸಿನಲ್ಲೂ ಯಾರಾದರೂ ಹೀಗೆ ಅಳುಕುತ್ತಾ ಒಂದು ಪುಸ್ತಕ ಕೊಡಬಹುದು. ಓದದಿದ್ದರೂ ಪರವಾಗಿಲ್ಲ, ಟೀಗೆ ಕರೆಯೋದು ಮಾತ್ರ ನಿಲ್ಲಿಸಬೇಡಿ.