ಜಾಲಗನ್ನಡದ ಆಡುನುಡಿ

ಅಂತರ್ಜಾಲದಲ್ಲಿ ಕನ್ನಡಿಗರು, ಹೆಚ್ಚಾಗಿ ಯುವಜನರು, ಸಲುಗೆಯಿಂದ ಬಳಸುವ ಪದಗಳು ಹಾಗೂ ನುಡಿಗಟ್ಟುಗಳು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬೀದಿಗಳಲ್ಲಿ ಕೇಳುವ ‘ಗುರು’, ‘ಮಗಾ’, ‘ಕಣ್ಲಾ’ ಮೊದಲಾದ ಹಳೆ ಮೈಸೂರು ಸೀಮೆಯ ಮಾತುಗಳೇ ಇದರ ಬುನಾದಿ. ಮಕ್ಕಳು ಎಂಬರ್ಥದ ‘ಹೈಕ್ಳು’ ಟ್ರೋಲ್ ಪುಟದ ಹೆಸರಾಗಿ ನಾಡಿನಾದ್ಯಂತ ಪರಿಚಿತವಾಯಿತು. ‘ಅಣ್ತಮ್ಮ’ನನ್ನು ಹರಡಿದ್ದು ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ (2014) ಚಿತ್ರ.

ಎರವಲು ಪದಗಳಿಗೆ ಇಲ್ಲಿ ಕನ್ನಡದ ಕ್ರಿಯಾಪದವೇ ಆಸರೆ: ಟ್ರೋಲ್ ಮಾಡು, ವೈರಲ್ ಆಗು, ಸ್ಟೇಟಸ್ ಹಾಕು. ಪದ ಹೊರಗಿನದಾದರೂ ವ್ಯಾಕರಣ ಕನ್ನಡದ್ದೇ. ಭಾಷೆ ಕೆಡುತ್ತಿದೆ ಎಂದು ಕೊರಗುವವರು ಇದನ್ನು ಗಮನಿಸಬೇಕು. ಇನ್ನು ಹೊಸದಾಗಿ ಟಂಕಿಸಿದ ಕನ್ನಡ ಪದಗಳಲ್ಲಿ ‘ಜಾಲತಾಣ’ ಪತ್ರಿಕೆಗಳಲ್ಲಿ ನೆಲೆಯೂರಿತು, ‘ಮಿಂಚಂಚೆ’ (ಇಮೇಲ್) ಆಡುಮಾತಿಗೆ ಇಳಿಯಲಿಲ್ಲ.

ಕನ್ನಡ ಲಿಪಿಯಲ್ಲಿ ಟೈಪಿಸುವ ‘ಬರಹ’ ತಂತ್ರಾಂಶ 1998ರಲ್ಲೇ ಬಂದಿದ್ದರೂ ರೋಮನ್ ಅಕ್ಷರದ ‘ಕಂಗ್ಲಿಷ್’ ಬರವಣಿಗೆ ಉಳಿದುಕೊಂಡಿದೆ. ಅದರಲ್ಲಿ ನ–ಣ, ಲ–ಳ ಭೇದವೂ ಹ್ರಸ್ವ–ದೀರ್ಘವೂ ಅಳಿಸಿಹೋಗುತ್ತವೆ. ಇದು ನಿಜವಾದ ನಷ್ಟ.

ಜಾಲಗನ್ನಡದ ಅತಿ ಪ್ರಸಿದ್ಧ ನುಡಿ ‘ಈ ಸಲ ಕಪ್ ನಮ್ದೇ’. ಬೆಂಗಳೂರಿನ ಐಪಿಎಲ್ ತಂಡದ ಅಭಿಮಾನಿಗಳು 2018ರ ಹೊತ್ತಿಗೆ ಇದನ್ನು ಘೋಷಣೆಯಾಗಿಸಿದರು. ತಂಡ ಸೋತಾಗಲೆಲ್ಲ ಎದುರಾಳಿಗಳು ಇದನ್ನೇ ಹಿಡಿದು ಆಡಿಕೊಂಡರು. ಮಹಿಳಾ ತಂಡ 2024ರ ಮಾರ್ಚ್‌ನಲ್ಲಿ ಗೆದ್ದಾಗ ನಾಯಕಿ ಸ್ಮೃತಿ ಮಂದಾನ ‘ನಮ್ದೇ’ಯನ್ನು ‘ನಮ್ದು’ ಮಾಡಿದರು. ಪುರುಷರ ತಂಡ ಕಪ್ ಗೆದ್ದದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ.