ಗಡೀಪಾರಾದ ಕವಿ: ದಿನಕರ ದೇಸಾಯಿಯವರ ಬದುಕು ಮತ್ತು ಕಾರ್ಯ

ಆಧುನಿಕ ಅರಬ್ಬಿ ಕಾವ್ಯದ ಚರಿತ್ರೆಯನ್ನು ಬರೆಯುವವರು ಗಡೀಪಾರಿನ ಪ್ರಸಂಗವನ್ನು ಬಿಟ್ಟು ಮುಂದೆ ಸಾಗಲಾರರು. ಈಜಿಪ್ತಿನ ಮಹಮೂದ್ ಸಾಮಿ ಅಲ್-ಬಾರೂದಿ ೧೮೮೨ರ ಉರಾಬಿ ದಂಗೆ ಸೋತ ಬಳಿಕ ಸಿಂಹಳಕ್ಕೆ ಅಟ್ಟಲ್ಪಟ್ಟು, ಸುಮಾರು ಹದಿನೇಳು ವರ್ಷಗಳನ್ನು ಅಲ್ಲಿ ಕಳೆದು ೧೮೯೯ರಲ್ಲಿ ತಾಯ್ನಾಡಿಗೆ ಮರಳಿದನು. ಅಹ್ಮದ್ ಶೌಕಿ ಮೊದಲನೆಯ ಮಹಾಯುದ್ಧದ ವರ್ಷಗಳನ್ನು ಸ್ಪೇನಿನಲ್ಲಿ ಕಳೆಯಬೇಕಾಯಿತು. ಇಬ್ಬರನ್ನೂ ಹೊರಗೆ ಕಳುಹಿಸಿದ್ದು ಈಜಿಪ್ತಿನ ಮೇಲೆ ಹಿಡಿತ ಸಾಧಿಸಿದ್ದ ಬ್ರಿಟಿಷ್ ಅಧಿಕಾರವೇ. ಕನ್ನಡ ಕಾವ್ಯದ ಚರಿತ್ರೆಯಲ್ಲಿ ಇಂಥದೊಂದು ಅಧ್ಯಾಯವನ್ನು ಯಾರೂ ತೆರೆದಂತಿಲ್ಲ. ಆದರೆ ಅದೇ ಸಾಮ್ರಾಜ್ಯದ ಆಡಳಿತ ಕನ್ನಡದ ಒಬ್ಬ ಕವಿಯನ್ನು ಅವನ ಹುಟ್ಟಿದ ಜಿಲ್ಲೆಯಿಂದ ಐದು ವರ್ಷಗಳ ಕಾಲ ಹೊರಗಿಟ್ಟದ್ದುಂಟು. ಆ ಕವಿ ಉತ್ತರ ಕನ್ನಡದ ದಿನಕರ ದೇಸಾಯಿ (೧೯೦೯-೧೯೮೨).

ದೇಸಾಯಿಯವರ ಹೆಸರು ಇಂದು ಎರಡು ಬಗೆಯ ಗ್ರಂಥಗಳಲ್ಲಿ ಸಿಗುತ್ತದೆ. ಸಾಹಿತ್ಯ ಚರಿತ್ರೆಗಳು ಅವರನ್ನು ಚುಟುಕದ ಪ್ರಕರಣದಲ್ಲಿ ಒಂದೆರಡು ಪ್ಯಾರಾಗಳಲ್ಲಿ ಮುಗಿಸುತ್ತವೆ. ಕಾರ್ಮಿಕ ಚಳವಳಿಯ ಅಧ್ಯಯನಗಳು ಮುಂಬಯಿಯ ನಾವಿಕರ ಸಂಘದ ಮುಖಂಡರೆಂದು ಅವರನ್ನು ಗುರುತಿಸುತ್ತವೆ; ಅವರು ಕವಿಯೆಂಬುದು ಆ ಪುಟಗಳಲ್ಲಿ ಕಾಣುವುದಿಲ್ಲ. ಈ ಎರಡು ಮುಖಗಳು ಕೂಡುವ ಸ್ಥಳ ೧೯೪೦ರ ಗಡೀಪಾರಿನ ಆಜ್ಞೆ. ಅದನ್ನು ಜೀವನಚರಿತ್ರೆಯ ಒಂದು ಸಾಲಾಗಿ ಮಾತ್ರ ಉಲ್ಲೇಖಿಸಿ ಬಿಡುವ ರೂಢಿ ಸರಿಯಲ್ಲ.

ದೇಸಾಯಿಯವರು ೧೯೦೯ರ ಸೆಪ್ಟೆಂಬರ್ ೧೦ರಂದು ಅಂಕೋಲಾ ತಾಲೂಕಿನಲ್ಲಿ ಜನಿಸಿದರು. ಪದವಿ ಶಿಕ್ಷಣ ಮೈಸೂರಿನಲ್ಲಿ, ಎಂ.ಎ. ಮತ್ತು ಕಾನೂನಿನ ವ್ಯಾಸಂಗ ಮುಂಬಯಿಯಲ್ಲಿ ನಡೆದವು. ಮೈಸೂರಿನ ವರ್ಷಗಳು ನವೋದಯದ ಹುರುಪಿನ ವರ್ಷಗಳು, ಬಿ.ಎಂ.ಶ್ರೀಯವರ ಪ್ರಭಾವದಲ್ಲಿ ಹೊಸಗವಿತೆ ಅಲ್ಲಿ ಬೇರೂರುತ್ತಿತ್ತು. ಮುಂಬಯಿಯಲ್ಲಿ ಅವರು ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿದರು. ಕಾರ್ಮಿಕ ಧುರೀಣ ಎನ್. ಎಂ. ಜೋಶಿಯವರು ಆ ಸಮಾಜದಲ್ಲಿದ್ದವರು. ವಕೀಲಿ ವೃತ್ತಿಯ ಬಾಗಿಲು ತೆರೆದಿದ್ದ ತರುಣನೊಬ್ಬ ಅಲ್ಪ ಜೀವನವೇತನದ ಸೇವಾವ್ರತವನ್ನು ಆರಿಸಿಕೊಂಡದ್ದು ಮುಂದಿನ ಎಲ್ಲಕ್ಕೂ ಕಾರಣವಾಯಿತು.

ಆ ಕಾಲದ ಉತ್ತರ ಕನ್ನಡವನ್ನು ಸ್ವಾತಂತ್ರ್ಯ ಚಳವಳಿಯ ಜಿಲ್ಲೆಯೆಂದು ನೆನೆಯುವುದು ವಾಡಿಕೆ. ಅದು ತಕ್ಕುದೇ. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿಯಲ್ಪಟ್ಟಿತು; ಬಳಿಕ ಅಂಕೋಲೆ, ಸಿದ್ದಾಪುರ ತಾಲೂಕುಗಳು ಕರನಿರಾಕರಣೆಗೆ ಹೆಸರಾದವು. ಭೂಮಿ ಜಪ್ತಾದ ಕುಟುಂಬಗಳ ತ್ಯಾಗ ಸಾಮಾನ್ಯವಾದುದಲ್ಲ. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ರೈತವಾರಿ ಪದ್ಧತಿಯಲ್ಲಿ ಸರ್ಕಾರಕ್ಕೆ ಕಂದಾಯ ಕಟ್ಟುವವನು ಖಾತೆದಾರ. ಗೇಣಿದಾರ ಕಟ್ಟುವುದು ಒಡೆಯನಿಗೆ, ಅದೂ ಭತ್ತದ ರೂಪದಲ್ಲಿ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಗಳಿದ್ದವು. ಮೂಲಗೇಣಿದಾರನ ಹಕ್ಕು ಶಾಶ್ವತವಾದುದು. ಚಾಲಗೇಣಿದಾರನನ್ನು ಒಡೆಯ ಮನಸ್ಸು ಬಂದಾಗ ಗದ್ದೆಯಿಂದ ಇಳಿಸಬಹುದಾಗಿತ್ತು. ಹಾಲಕ್ಕಿ ಒಕ್ಕಲಿಗರಂಥ ಶ್ರಮಿಕ ಸಮುದಾಯಗಳ ಬಹುಪಾಲು ಬದುಕು ಈ ಗೇಣಿಯ ನೆರಳಿನಲ್ಲಿಯೇ ಕಳೆಯುತ್ತಿತ್ತು. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಿತು. ಜಪ್ತಾದ ಭೂಮಿಯನ್ನು ಮರಳಿಸುವ ಕಾನೂನು ೧೯೩೮ರಲ್ಲಿ ಆಯಿತು. ಖಾತೆದಾರನಿಗೆ ನ್ಯಾಯ ದೊರಕಿತು. ಚಾಲಗೇಣಿದಾರನ ಪ್ರಶ್ನೆ ಇದ್ದಲ್ಲಿಯೇ ಉಳಿಯಿತು.

ದೇಸಾಯಿಯವರು ಕೈಹಾಕಿದ್ದು ಈ ಪ್ರಶ್ನೆಗೆ. ಮೂವತ್ತರ ದಶಕದ ಕೊನೆಯಲ್ಲಿ ಅವರು ಗೇಣಿದಾರ ರೈತರನ್ನು ಸಂಘಟಿಸಿದರು. ಉಳುವವನೇ ಹೊಲದೊಡೆಯ ಎಂಬ ಮಾತು ಅಂಕೋಲೆಯ ಸುತ್ತಿನ ಹಳ್ಳಿಗಳಲ್ಲಿ ಘೋಷಣೆಯಾಯಿತು. ಈ ಸಂಘಟನೆಯ ವಿಶೇಷವೆಂದರೆ ಅದರ ಎದುರಾಳಿ ದೂರದ ಬಿಳಿಯ ಅಧಿಕಾರಿ ಮಾತ್ರವಾಗಿರಲಿಲ್ಲ, ಪಕ್ಕದ ಮನೆಯ ಜಮೀನುದಾರನೂ ಆಗಿದ್ದ. ಆ ಜಮೀನುದಾರ ಒಮ್ಮೊಮ್ಮೆ ಖಾದಿ ತೊಟ್ಟವನೂ ಆಗಿರಬಹುದಿತ್ತು. ಚಳವಳಿಯ ಸ್ಥಳೀಯ ಚರಿತ್ರೆಗಳು ಈ ಇಕ್ಕಟ್ಟನ್ನು ಮೆಲ್ಲಗೆ ದಾಟಿಬಿಡುತ್ತವೆ. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ಅದೇ ವರ್ಷ ಬಂದ ಭಾರತ ರಕ್ಷಣಾ ಕಾಯಿದೆ ಸರ್ಕಾರಕ್ಕೆ ವಿಶೇಷಾಧಿಕಾರಗಳನ್ನು ಕೊಟ್ಟಿತು. ನವೆಂಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆಯಿತ್ತು ಆಡಳಿತ ಗವರ್ನರನ ಕೈಗೆ ಹೋಯಿತು. ಮರುವರ್ಷ, ೧೯೪೦ರಲ್ಲಿ, ದೇಸಾಯಿಯವರು ಉತ್ತರ ಕನ್ನಡ ಜಿಲ್ಲೆಯನ್ನು ಪ್ರವೇಶಿಸದಂತೆ ಗಡೀಪಾರಾದರು. ಆ ಸ್ಥಿತಿ ೧೯೪೫ರವರೆಗೆ ಮುಂದುವರಿಯಿತು.

ಇಲ್ಲಿ ಗಡಿ ಎಂಬ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ನಾಲ್ಕು: ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ. ಅಥಣಿ ತಾಲೂಕಿನ ಮಂಗಸೂಳಿಯಂಥ ಊರಿನವನಿಗೆ ಮಿರಜ ಸಂಸ್ಥಾನದ ಸೀಮೆ ಹತ್ತಿರದಲ್ಲಿಯೇ ಇತ್ತು. ಅದನ್ನು ದಾಟಿದರೆ ಬ್ರಿಟಿಷ್ ಪೋಲೀಸನ ನೇರ ಅಧಿಕಾರ ಅಲ್ಲಿಗೆ ನಿಲ್ಲುತ್ತಿತ್ತು. ಅಂಕೋಲೆಯವನಿಗೆ ಅಂಥ ಅನುಕೂಲವಿರಲಿಲ್ಲ. ಪಡುವಣಕ್ಕೆ ಕಡಲು, ಬಡಗಣಕ್ಕೆ ಪೋರ್ಚುಗೀಸರ ಗೋವೆ, ತೆಂಕಣಕ್ಕೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ. ದೇಸಾಯಿಯವರ ಮೇಲಿನ ಆಜ್ಞೆ ಅವರನ್ನು ದೇಶದಿಂದಾಗಲಿ ಪ್ರಾಂತದಿಂದಾಗಲಿ ಹೊರಹಾಕಲಿಲ್ಲ. ಆಜ್ಞೆ ಹೊರಡಿಸಿದ ಸರ್ಕಾರದ ರಾಜಧಾನಿಯಾದ ಮುಂಬಯಿಯಲ್ಲಿ ಅವರು ನಿರಾತಂಕವಾಗಿ ಓಡಾಡಬಹುದಿತ್ತು. ತಮ್ಮ ಗದ್ದೆಬಯಲಿಗೆ ಕಾಲಿಡುವಂತಿರಲಿಲ್ಲ. ಸರ್ಕಾರಕ್ಕೆ ಅಪಾಯವೆನಿಸಿದ್ದು ಈ ಮನುಷ್ಯ ಮತ್ತು ಆ ನೆಲದ ಸಂಬಂಧವೇ ಹೊರತು ಬೇರೆಯಲ್ಲ.

ಇದೇ ಪ್ರಾಂತದಲ್ಲಿ ಎಂಟು ವರ್ಷಗಳ ಹಿಂದೆ ನಡೆದ ಇನ್ನೊಂದು ಪ್ರಕರಣದೊಡನೆ ಇದನ್ನು ಇಟ್ಟು ನೋಡಬಹುದು. ೧೯೩೨ರಲ್ಲಿ ಪ್ರಕಟವಾದ 'ಗರಿ' ಸಂಕಲನದ 'ನರಬಲಿ' ಕವನಕ್ಕಾಗಿ ದ. ರಾ. ಬೇಂದ್ರೆಯವರನ್ನು ಬೆಳಗಾವಿಯ ಹಿಂಡಲಗಿ ಸೆರೆಮನೆಯಲ್ಲಿಟ್ಟು, ಅನಂತರ ಧಾರವಾಡದ ಬಳಿಯ ಮುಗದ ಗ್ರಾಮದಲ್ಲಿ ಸ್ಥಾನಬದ್ಧರನ್ನಾಗಿ ಮಾಡಲಾಯಿತು. ಅವರ ಉದ್ಯೋಗವೂ ಹೋಯಿತು. ಒಬ್ಬ ಕವಿಗೆ ಹಳ್ಳಿಯೊಂದನ್ನು ಬಿಟ್ಟು ಹೊರಡದಂತೆ ತಡೆ. ಇನ್ನೊಬ್ಬನಿಗೆ ಹಳ್ಳಿಗೆ ಮರಳದಂತೆ ತಡೆ. ಬೇಂದ್ರೆಯವರ ವಿಷಯದಲ್ಲಿ ಸರ್ಕಾರ ಕವಿತೆಯನ್ನು ಓದಿತು. ದೇಸಾಯಿಯವರ ವಿಷಯದಲ್ಲಿ ಅದು ಓದಿದ್ದು ರೈತರ ಸಭೆಗಳನ್ನು. ಆದ್ದರಿಂದಲೇ ಬೇಂದ್ರೆಯವರ ಬಂಧನ ಸಾಹಿತ್ಯ ಚರಿತ್ರೆಯ ಘಟನೆಯಾಯಿತು, ದೇಸಾಯಿಯವರ ಗಡೀಪಾರು ಆಗಲಿಲ್ಲ.

ಮುಂಬಯಿಯ ದೇಸಾಯಿಯವರು ಹಡಗಿನ ಕೆಲಸಗಾರರ ನಡುವೆ ಬೆರೆತರು. ಕೊಂಕಣ, ಗೋವೆ ಮೊದಲಾದ ಕಡೆಗಳಿಂದ ಬಂದು ದಲ್ಲಾಳಿಗಳ ಮೂಲಕ ಹಡಗು ಹತ್ತುತ್ತಿದ್ದ ಈ ಜನರ ನೇಮಕಾತಿ, ಸಂಬಳ, ಸಾಲ, ವಸತಿ ಎಲ್ಲವೂ ಶೋಷಣೆಯ ಕಟ್ಟಿನಲ್ಲಿದ್ದವು. ಭಾರತದ ನಾವಿಕ ಕಾರ್ಮಿಕರನ್ನು ಕುರಿತು ದೇಸಾಯಿಯವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಭಾರತ ಸೇವಕ ಸಮಾಜ ಪ್ರಕಟಿಸಿತು. ಆ ವಿಷಯದ ಅಧ್ಯಯನ ಮಾಡುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಭತ್ತದ ಗದ್ದೆಯ ಚಾಲಗೇಣಿದಾರನಿಗೂ ಮುಂಬಯಿ ಬಂದರಿನ ಖಲಾಸಿಗೂ ಒಂದು ಸಾಮ್ಯವಿತ್ತು: ಇಬ್ಬರ ಕೆಲಸವೂ ಇನ್ನೊಬ್ಬನ ಮರ್ಜಿಯ ಮೇಲೆ ನಿಂತಿತ್ತು. ಈ ಸಾಮ್ಯವನ್ನು ಗುರುತಿಸಿದರೆ ದೇಸಾಯಿಯವರ ಮುಂಬಯಿ ವರ್ಷಗಳು ಬಿಡುವಿನ ಕಾಲವಾಗಿ ತೋರುವುದಿಲ್ಲ. ಪಶ್ಚಿಮ ದೇಶಗಳ ಪ್ರವಾಸಾನುಭವವನ್ನು ಅವರು 'ನಾ ಕಂಡ ಪಡುವಣ' ಎಂಬ ಕೃತಿಯಲ್ಲಿ ದಾಖಲಿಸಿದರು.

ಸಿಂಹಳದಲ್ಲಿ ಬಾರೂದಿ ಬರೆದ ಕವನಗಳ ಸ್ಥಾಯಿ ಹಂಬಲ: ಕಳೆದುಹೋದ ಕೈರೋ, ಅಗಲಿದ ಪತ್ನಿ, ಗತಿಸಿದ ಮಿತ್ರರು. ದೇಸಾಯಿಯವರ ಪ್ರಸಿದ್ಧ ರಚನೆಗಳಲ್ಲಿ ಗಡೀಪಾರಿನ ಆತ್ಮಾನುಕಂಪ ಮುಖ್ಯ ಸ್ವರವಾಗಿ ಕೇಳಿಬರುವುದಿಲ್ಲ. ಇದನ್ನು ಭಾವದ ಕೊರತೆಯೆಂದು ಬಗೆಯಬೇಕಾಗಿಲ್ಲ. ಸೇವಾಸಂಸ್ಥೆಯ ಸದಸ್ಯನೊಬ್ಬ ತನ್ನ ಕಷ್ಟವನ್ನು ಹಾಡುವುದಕ್ಕೆ ಹಿಂಜರಿಯುವುದು ಸಹಜ. ಬದಲಾವಣೆ ಕಾಣುವುದು ರೂಪದಲ್ಲಿ. 'ಕವನ ಸಂಗ್ರಹ', 'ದಾಸಾಳ' ಸಂಕಲನಗಳ ಭಾವಗೀತಕಾರ ಕ್ರಮೇಣ ನಾಲ್ಕು ಸಾಲಿನ ಚೌಪದಿಗೆ ಒಲಿದರು. ಊರಿಗೆ ಮರಳಿದ ಮೇಲೆ, ಐವತ್ತರ ದಶಕದಲ್ಲಿ, ಅವರು 'ಜನಸೇವಕ' ವಾರಪತ್ರಿಕೆಯನ್ನು ನಡೆಸತೊಡಗಿದಾಗ ಚೌಪದಿಗೆ ತಕ್ಕ ವೇದಿಕೆ ದೊರೆಯಿತು. ಚೌಪದಿ ಪತ್ರಿಕೆಯ ಮೂಲೆಯಲ್ಲಿ ಹಿಡಿಸುತ್ತದೆ. ಒಮ್ಮೆ ಕೇಳಿದವನ ಬಾಯಲ್ಲಿ ನಿಲ್ಲುತ್ತದೆ. ಅಕ್ಷರ ಬಾರದವನಿಗೂ ತಲುಪುತ್ತದೆ. ಐದು ವರ್ಷ ಸಭೆಯಿಂದ ದೂರವಿಡಲ್ಪಟ್ಟವನು ಸಭೆ ಕೂಡದಿದ್ದರೂ ಜನರನ್ನು ಮುಟ್ಟಬಲ್ಲ ಪದ್ಯರೂಪವನ್ನು ಆರಿಸಿಕೊಂಡನೆಂದು ಊಹಿಸುವುದಕ್ಕೆ ಇಲ್ಲಿ ಅವಕಾಶವಿದೆ. ಅವರನ್ನು 'ಚುಟುಕ ಬ್ರಹ್ಮ' ಎಂದು ಕರೆದು ನಗೆಗವಿಯ ಸಾಲಿನಲ್ಲಿ ಕೂರಿಸಿದವರು ಈ ಹಿನ್ನೆಲೆಯನ್ನು ಪರಿಗಣಿಸಿಲ್ಲ. ಮಕ್ಕಳಿಗಾಗಿ ಅವರು ಬರೆದ ಪದ್ಯಗಳಲ್ಲಿಯೂ ಇದೇ ಸರಳತೆಯಿದೆ. ಗಡಿಯಾರವನ್ನು ಕುರಿತ ಶಿಶುಗೀತೆ ಕರ್ತೃವಿನ ಹೆಸರು ತಿಳಿಯದ ಮನೆಗಳಲ್ಲಿಯೂ ಹಾಡಲ್ಪಟ್ಟಿತು.

೧೯೫೩ರಲ್ಲಿ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಿಂದುಳಿದ ಊರುಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. ೧೯೬೬ರಲ್ಲಿ, ಗೋಖಲೆಯವರ ಜನ್ಮಶತಾಬ್ದಿಯ ವರ್ಷ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಗೇಣಿದಾರನ ಮಗ ಓದಿದರೆ ಗೇಣಿಯ ಪತ್ರವನ್ನೂ ಓದಬಲ್ಲನೆಂಬುದು ಈ ಶಾಲೆಗಳ ಹಿಂದಿದ್ದ ತರ್ಕವೆನ್ನಬಹುದು. ೧೯೬೭ರಲ್ಲಿ ಅದೇ ಜಿಲ್ಲೆಯ ಮತದಾರರು ಅವರನ್ನು ಸ್ವತಂತ್ರ ಅಭ್ಯರ್ಥಿಯಾಗಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಕಳುಹಿಸಿದರು. ಸಂಸತ್ ಸದಸ್ಯತ್ವದ ಅವಧಿ ಚೌಪದಿಗಳಿಗೆ ಒಳ್ಳೆಯ ಸಾಮಗ್ರಿಯನ್ನು ಒದಗಿಸಿತೆಂಬುದನ್ನು ಬಿಟ್ಟರೆ, ಅವರ ಬದುಕಿನ ಕೇಂದ್ರವಾಗಲಿಲ್ಲ.

ಗೇಣಿಯ ಪ್ರಶ್ನೆ ಮಾತ್ರ ನಿಧಾನವಾಗಿ ಸಾಗಿತು. ೧೯೪೮ರ ಮುಂಬಯಿ ಗೇಣಿ ಕಾಯಿದೆ ಕೆಲಮಟ್ಟಿನ ರಕ್ಷಣೆ ಕೊಟ್ಟಿತು. ಒಡೆತನ ಬದಲಾದದ್ದು ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ೧೯೭೪ರ ಮಾರ್ಚ್ ೧ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದ ಮೇಲೆ. ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿಗಳ ರಾಶಿ ಬಿದ್ದ ಆ ವರ್ಷಗಳಲ್ಲಿ ದೇಸಾಯಿಯವರು ಬದುಕಿದ್ದರು. ತಮ್ಮ ದೇಹದ ಬೂದಿಯನ್ನು ಭತ್ತ ಬೆಳೆಯುವಲ್ಲಿ ತೂರಬೇಕೆಂದು ಕೋರುವ ಅವರ ಕವನ ಕರಾವಳಿಯಲ್ಲಿ ಮನೆಮಾತಾಗಿದೆ. ೧೯೮೨ರ ನವೆಂಬರ್ ೬ರಂದು ಅವರು ತೀರಿಕೊಂಡಾಗ ಅಂಥ ಎಷ್ಟೋ ಗದ್ದೆಗಳ ಪಹಣಿಯಲ್ಲಿ ಉಳುವವನ ಹೆಸರು ಏರಿತ್ತು. ಇನ್ನು ಕೆಲವರ ಅರ್ಜಿಗಳು ಇತ್ಯರ್ಥವಾಗದೆ ಕಚೇರಿಗಳಲ್ಲಿದ್ದವು.